ಬಳೆಗಾರ್ತಿಯ ವೀಳ್ಯ

"ಗುರುಗಳೇ, ಹೆಚ್ಚು ಜನ ಹೇಳಿದ್ದೇ ನ್ಯಾಯ ಅಲ್ಲವೇ?" ಎಂದು ಶಿಷ್ಯ ಕೇಳಿದ.

ಗುರು ಕಡಲೆಕಾಯಿ ಸುಲಿಯುತ್ತಿದ್ದರು. "ಯಾವ ವಿಷಯಕ್ಕೆ?" ಎಂದರು.

"ಹೆಣ್ಣು ಹೆಣ್ಣನ್ನು, ಗಂಡು ಗಂಡನ್ನು ಮದುವೆಯಾಗಲು ಕಾನೂನು ಬೇಕೋ ಬೇಡವೋ ಎಂದು ಪೇಟೆಯಲ್ಲೆಲ್ಲ ಇದೇ ಜಗಳ. ಕೈ ಎತ್ತಿಸಿ ಎಣಿಸಿಬಿಟ್ಟರೆ ಮುಗಿಯಿತಲ್ಲ? ಹೆಚ್ಚು ಕೈ ಯಾವ ಕಡೆಯೋ ಧರ್ಮವೂ ಆ ಕಡೆ."

"ನಿನ್ನ ಕೈ ಯಾವ ಕಡೆ?"

"ನಾನು ಹತ್ತು ಜನರ ಜೊತೆ, ಗುರುಗಳೇ."

"ಜಾಣ. ಹತ್ತರ ಜೊತೆ ಹನ್ನೊಂದಾದರೆ ಕುತ್ತಿಗೆಗೆ ಅಪಾಯವಿಲ್ಲ. ಕೂತುಕೋ," ಎಂದು ಗುರು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬಳು ಬಳೆಗಾರ್ತಿ ಇದ್ದಳು. ಅವಳ ಮುಂದೆ ಕೈ ಚಾಚದೆ ಆ ಊರಿನ ಯಾವ ಮದುಮಗಳೂ ಹಸೆಮಣೆ ಏರಿದ್ದಿಲ್ಲ. ಬೆರಳು ಒತ್ತಿ ಬಳೆ ಏರಿಸುವಾಗ ಯಾರು ನಗುತ್ತಾರೆ, ಯಾರು ಕಣ್ಣೊರೆಸಿಕೊಳ್ಳುತ್ತಾರೆ ಎಂಬುದೆಲ್ಲ ಅವಳಿಗೆ ಗೊತ್ತಿತ್ತು. ಯಾರಿಗೂ ಹೇಳುತ್ತಿರಲಿಲ್ಲ. ಹೇಳಿದ್ದರೆ ಅರ್ಧ ಊರಿಗೆ ಊಟ ಸೇರುತ್ತಿರಲಿಲ್ಲ.

ಅವಳು ಒಬ್ಬ ಕುಂಬಾರಗಿತ್ತಿಯ ಜೊತೆ ಬಾಳುತ್ತಿದ್ದಳು. ಒಂದೇ ಸೂರು, ಒಂದೇ ಒಲೆ. ಒಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ತುತ್ತು ಇಳಿಯುತ್ತಿರಲಿಲ್ಲ. ಊರಿನವರು ನೋಡಿಯೂ ನೋಡದಂತಿದ್ದರು. ಗಡಿಗೆ ಬೇಕಾದರೆ ಒಬ್ಬಳನ್ನು ಕರೆಯುತ್ತಿದ್ದರು, ಬಳೆ ಬೇಕಾದರೆ ಇನ್ನೊಬ್ಬಳನ್ನು.

ಒಮ್ಮೆ ಕುಂಬಾರಗಿತ್ತಿಗೆ ಜ್ವರ ಏರಿತು. ಅದೇ ಊರಿನಲ್ಲಿದ್ದ ಅವಳ ಅಣ್ಣ ಬಂದು, ತಂಗಿಯನ್ನು ಗಾಡಿಯಲ್ಲಿ ಮಲಗಿಸಿಕೊಂಡು ತನ್ನ ಮನೆಗೆ ಒಯ್ದ. ಬಳೆಗಾರ್ತಿ ಕಷಾಯ ಕಾಯಿಸಿಕೊಂಡು ಹಿಂದೆಯೇ ಹೋದಳು. ಅಣ್ಣ ಬಾಗಿಲಿಗೆ ಅಡ್ಡ ನಿಂತ.

"ನೀನು ಅವಳಿಗೆ ಏನಾಗಬೇಕು?" ಎಂದ.

ಊರು ಒಪ್ಪುವ ಉತ್ತರ ಅವಳಲ್ಲಿ ಇರಲಿಲ್ಲ. ಕಷಾಯ ಜಗುಲಿಯ ಮೇಲೆ ಆರಿತು. ಒಳಗಿನಿಂದ ಕುಂಬಾರಗಿತ್ತಿ ಅವಳನ್ನೇ ಕರೆಯುತ್ತಿದ್ದದ್ದು ಬೀದಿಗೂ ಕೇಳುತ್ತಿತ್ತು.

ಹೇಗೋ ಜ್ವರ ಇಳಿಯಿತು. ಕುಂಬಾರಗಿತ್ತಿ ಗೋಡೆ ಹಿಡಿದುಕೊಂಡು ಮನೆಗೆ ಬಂದಳು.

"ಇನ್ನೊಂದು ಸಲ ಹೀಗಾದರೆ ನಾನು ಬೀದಿಯಲ್ಲಿ ನಿಲ್ಲುವವಳಲ್ಲ," ಎಂದಳು ಬಳೆಗಾರ್ತಿ. "ಊರ ವೀಳ್ಯ ಇಟ್ಟುಬಿಡೋಣ."

"ನಕ್ಕುಬಿಡುತ್ತಾರೆ ಕಣೇ."

"ನಗಲಿ. ನಕ್ಕರೆ ಬಾಗಿಲು ಮುಚ್ಚಿಕೊಳ್ಳುವುದಿಲ್ಲ."

ಊರ ವೀಳ್ಯ ಎಂದರೆ ಇಷ್ಟೇ. ಯಾರೇ ಇಬ್ಬರು ಜೊತೆಯಾಗಿ ಮನೆ ಹೂಡಿದರೆ ಅರಳಿಕಟ್ಟೆಯ ಮೇಲೆ ಒಂದು ತಟ್ಟೆ ಎಲೆ ಅಡಿಕೆ ಇಡಬೇಕು. ಊರ ಗೌಡ ಒಂದು ಎಲೆ ತೆಗೆದು, ಸುಣ್ಣ ಸವರಿ, ಬಾಯಿಗೆ ಹಾಕಿಕೊಳ್ಳಬೇಕು. ಅಲ್ಲಿಗೆ ಅವರು ಒಂದು ಮನೆಯವರು. ಆಮೇಲೆ ಒಬ್ಬರ ಹತ್ತಿರ ಇನ್ನೊಬ್ಬರು ಹೋಗುವಾಗ ಯಾರೂ ಅಡ್ಡ ನಿಲ್ಲುವಂತಿಲ್ಲ. ಗೌಡ ಅದುವರೆಗೆ ಯಾರ ಎಲೆಯನ್ನೂ ಬೇಡ ಎಂದವನಲ್ಲ. ಹಲ್ಲು ನೋಯುವಾಗಲೂ ಕಣ್ಣೀರು ಹಾಕಿಕೊಂಡು ಅಗಿದಿದ್ದ.

ಇಬ್ಬರೂ ತಟ್ಟೆ ತಂದು ಇಟ್ಟರು. ಗೌಡನ ಕೈ ಎಲೆಯವರೆಗೆ ಹೋಗಿ ನಿಂತಿತು.

"ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ," ಎಂದ ಗೌಡ. "ಇದು ಹಿಂದೆಂದೂ ನಡೆದದ್ದಲ್ಲ. ನಾನೊಬ್ಬ ಹೇಗೆ ಹೇಳಲಿ? ಊರೇ ಹೇಳಲಿ. ಬೇಡ ಅನ್ನುವವರು ಕೈ ಎತ್ತಿ."

"ನಮ್ಮನ್ನು ಕೇಳುವುದಿಲ್ಲವೇ ಗೌಡ್ರೇ?" ಎಂದಳು ಕುಂಬಾರಗಿತ್ತಿ.

"ನಿಮ್ಮದೇ ವಿಷಯ. ಅದರಲ್ಲಿ ನಿಮ್ಮ ಮಾತು ಹೇಗೆ ನಡೆಯುತ್ತದೆ?"

ಕೈಗಳು ಎದ್ದವು. ಬಳೆಗಾರ್ತಿ ಮುಖಗಳನ್ನು ನೋಡಲಿಲ್ಲ, ಕೈಗಳನ್ನು ನೋಡಿದಳು. ಹಸಿರು ಬಳೆ, ಕೆಂಪು ಬಳೆ, ಚುಕ್ಕಿ ಬಳೆ, ಎಲ್ಲವೂ ಮಣಿಕಟ್ಟಿನಿಂದ ಜಾರಿ ಮೊಳಕೈಯತ್ತ ಬಂದಿದ್ದವು. ಒಂದೊಂದನ್ನೂ ನೋಯದ ಹಾಗೆ ಏರಿಸಿದವಳು ಅವಳೇ. ಕೆಲವರು ಕೈ ಎತ್ತಲೂ ಇಲ್ಲ, ಇಳಿಸಲೂ ಇಲ್ಲ; ತಲೆ ಕೆರೆದುಕೊಳ್ಳುವವರಂತೆ ನಡುವೆಯೇ ಇಟ್ಟುಕೊಂಡರು. ಸುಮ್ಮನೆ ಕೂತ ಕೈಗಳು ಬೆರಳೆಣಿಕೆಯಷ್ಟು.

"ಊರು ಬೇಡ ಅಂದಿತು," ಎಂದು ಗೌಡ ತಟ್ಟೆಯನ್ನು ಅತ್ತ ಸರಿಸಿದ.

ಕುಂಬಾರಗಿತ್ತಿ ನೆಲ ನೋಡಿದಳು. ಬಳೆಗಾರ್ತಿಯ ಕಣ್ಣಿಗೆ ಕಷಾಯ ಆರಿದ ಆ ಜಗುಲಿ ಕಟ್ಟಿತು. ಅಳು ಬಂತು. ಬಂದದ್ದು ಅಲ್ಲಿಯೇ ತಿರುಗಿ ತುಂಟತನವಾಯಿತು.

"ಆಗಲಿ ಗೌಡ್ರೇ. ಊರು ದೊಡ್ಡದು," ಎಂದಳು. "ಆದರೆ ಊರು ಒಂದಾದ ಮೇಲೆ ನ್ಯಾಯವೂ ಒಂದೇ ಇರಲಿ. ನಮ್ಮ ಎಲೆಗೆ ಕೈ ಎಣಿಸಿದಿರಿ. ಮಿಕ್ಕವರ ಎಲೆಯನ್ನು ಎಣಿಸದೆಯೇ ನುಂಗಿದ್ದೀರಿ. ಎಲ್ಲರೂ ಇಲ್ಲೇ ಇದ್ದಾರೆ. ಅವನ್ನೂ ಎಣಿಸಿಬಿಡಿ."

ಜನ ಗೊಳ್ಳೆಂದು ನಕ್ಕರು. ಬಿಟ್ಟಿ ಆಟ ಯಾರಿಗೆ ಬೇಡ? ಒಬ್ಬ ವ್ಯಾಪಾರಿ ಮೀಸೆ ತಿರುವುತ್ತ ಎದ್ದ.

"ನಮಗೇನು ಹೆದರಿಕೆ? ಮೊದಲು ನನ್ನದೇ ಆಗಲಿ. ನಾನೂ ನನ್ನ ಹೆಂಡತಿಯೂ ಹಾಲು ಜೇನು ಇದ್ದ ಹಾಗೆ!"

ಕೈ ಎತ್ತಿಸಿದರು. ಅವನ ಹೆಂಡತಿಯ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ಅವನ ತಕ್ಕಡಿಯ ಮೇಲೆ ಎಲ್ಲರಿಗೂ ಇತ್ತು. ಕೈಗಳು ಕಬ್ಬಿನ ಗದ್ದೆಯಂತೆ ಎದ್ದು ನಿಂತವು. ವ್ಯಾಪಾರಿಯ ಮದುವೆ ಬಿದ್ದುಹೋಯಿತು.

"ಇದು ಅನ್ಯಾಯ! ನನ್ನ ಮಾತು ಕೇಳಿ!" ಎಂದು ಅವನು ಕೂಗಿದ.

"ನಿನ್ನದೇ ವಿಷಯ ಕಣಯ್ಯಾ, ಅದರಲ್ಲಿ ನಿನ್ನ ಮಾತು ಹೇಗೆ ನಡೆಯುತ್ತದೆ?" ಎಂದರು ಹಿಂದಿನಿಂದ ಯಾರೋ.

ತಾನು ಬಿದ್ದ ಮೇಲೆ ವ್ಯಾಪಾರಿ ಸುಮ್ಮನಿರುವವನೇ? "ಪೂಜಾರಿಯದೂ ಎಣಿಸಿ," ಎಂದ. ಪೂಜಾರಿಯ ಗೊರಕೆ ಬೀದಿಗೆಲ್ಲ ಕೇಳುತ್ತದೆ ಎಂದು ಕೆಲವರು ಕೈ ಎತ್ತಿದರು. ಅವನ ಹೆಂಡತಿ ಚೆಲುವೆ ಎಂದು ಹುಡುಗರು ಎತ್ತಿದರು. ಅದೂ ಬಿತ್ತು. ಪೂಜಾರಿ ಒಬ್ಬ ರೈತನನ್ನು ತೋರಿಸಿದ. ರೈತನ ಹೆಂಡತಿ ಹೊಳೆಯಾಚೆಯವಳು, ಅವಳ ಮಾತು ರಾಗ ರಾಗ ಎಂದು ಅದೂ ಬಿತ್ತು. ರೈತ ಕುಂಬಾರಗಿತ್ತಿಯ ಅಣ್ಣನನ್ನು ತೋರಿಸಿದ. ಅಣ್ಣ ತನ್ನ ಹೆಂಡತಿಗಿಂತ ಗೇಣುದ್ದ ಕುಳ್ಳ, ನೋಡುವುದಕ್ಕೆ ಚೆನ್ನಾಗಿಲ್ಲ ಎಂದು ಊರು ತೀರ್ಮಾನಿಸಿತು.

ಗೌಡನ ಸರದಿ ಬಂದಾಗ ಅವನಿಗೆ ದಂಡ ಕಟ್ಟಿದವರೆಲ್ಲ ಎರಡೆರಡು ಕೈ ಎತ್ತಿದರು.

"ಒಂದೇ ಕೈ! ಒಂದೇ ಕೈ!" ಎಂದು ಗೌಡ ಬೆವರಿದ.

"ಅಯ್ಯೋ, ನನಗೂ ಒಂದು ಕೈ ಎತ್ತಲು ಬಿಟ್ಟಿದ್ದರೆ!" ಎಂದು ಗೌಡತಿ ನಿಟ್ಟುಸಿರು ಬಿಟ್ಟಳು.

ಕೊನೆಗೆ ಒಬ್ಬ ಮುದುಕ, ಅವನ ಮುದುಕಿ ಉಳಿದರು. ಅವರು ಜಗಳವಾಡಿದ್ದನ್ನು ಯಾರೂ ಕಂಡಿರಲಿಲ್ಲ. ಅವರಿಂದ ಯಾರಿಗೂ ಕೆಡುಕಾಗಿರಲಿಲ್ಲ. ಆದರೆ ಅಷ್ಟು ಹೊತ್ತಿಗೆ ಎಲ್ಲರ ಹೊಟ್ಟೆಯಲ್ಲೂ ಕಿಚ್ಚು ಹೊತ್ತಿತ್ತು. ನಮ್ಮದು ಬಿದ್ದ ಮೇಲೆ ಇವರದು ಯಾಕೆ ನಿಲ್ಲಬೇಕು? ಕೈಗಳು ಎದ್ದವು.

ಮುದುಕನಿಗೆ ಕಿವಿ ಕೇಳುತ್ತಿರಲಿಲ್ಲ. ಊರೆಲ್ಲ ತಮ್ಮ ಕಡೆಗೆ ಕೈ ಎತ್ತಿದ್ದು ಕಂಡು, ಹರಸುತ್ತಿದ್ದಾರೆ ಎಂದುಕೊಂಡ. ಮುದುಕಿಯನ್ನು ಮೆಲ್ಲಗೆ ಎಬ್ಬಿಸಿದ. ಇಬ್ಬರೂ ಊರಿಗೆ ಕೈ ಮುಗಿದರು.

ಎತ್ತಿದ ಕೈಗಳು ಒಂದೊಂದಾಗಿ ಇಳಿದವು. ಯಾರೂ ನಗಲಿಲ್ಲ. ಇದನ್ನು ಶುರು ಮಾಡಿದ ಬಳೆಗಾರ್ತಿಗೂ ನಗು ಬರಲಿಲ್ಲ.

ಸಂಜೆಯಾಯಿತು. ಊರ ತೀರ್ಮಾನದ ಪ್ರಕಾರ ಆ ಮುದುಕ ಮುದುಕಿಯ ಹೊರತು ಊರಿನಲ್ಲಿ ಗಂಡ ಹೆಂಡತಿ ಎನ್ನುವವರು ಒಬ್ಬರೂ ಇರಲಿಲ್ಲ. ಮಕ್ಕಳು ಹಸಿದು ಸೆರಗು ಎಳೆಯುತ್ತಿದ್ದವು. ಗಂಡಸರು ಗೂಡು ತಪ್ಪಿದ ಕೋಳಿಗಳ ಹಾಗೆ ಕಟ್ಟೆಯ ಸುತ್ತ ಸುಳಿದಾಡಿದರು.

ಗೌಡ ಮೆತ್ತಗೆ ಗೌಡತಿಯ ಹತ್ತಿರ ಬಂದ.

"ಏನೇ, ಮನೆಗೆ ಬರಲೇನೇ?"

"ಊರು ಬೇಡ ಅಂದಿದೆಯಲ್ಲ."

"ಊರು ಅಂದರೆ ಅನ್ನಲಿ. ನೀನು ಏನಂತೀಯ?"

ಗೌಡತಿ ಅವನ ಮುಖವನ್ನೇ ನೋಡಿದಳು. "ಅಂತೂ ನನ್ನನ್ನು ಕೇಳಬೇಕು ಅಂತ ಇವತ್ತಾದರೂ ಹೊಳೆಯಿತಲ್ಲ," ಎಂದಳು. "ಹಾಗೆ ಕೇಳಬೇಕಾದವರು ಇನ್ನಿಬ್ಬರು ಅಲ್ಲಿ ಕೂತಿದ್ದಾರೆ. ಅವರನ್ನೂ ಕೇಳಿ ಬನ್ನಿ. ನಾನು ಹೋಗಿ ಒಲೆ ಹಚ್ಚುತ್ತೇನೆ."

ಗೌಡ ಕಟ್ಟೆಗೆ ಹಿಂದಿರುಗಿದ. ಕುಂಬಾರಗಿತ್ತಿಯನ್ನು ಕೇಳಿದ. "ನಿನಗೆ ಇವಳು ಬೇಕೇನಮ್ಮಾ?"

"ಬೇಕು."

ಬಳೆಗಾರ್ತಿಯ ಕಡೆ ತಿರುಗಿದ. ಅಷ್ಟು ಹೊತ್ತು ಇಡೀ ಊರನ್ನು ಕುಣಿಸಿದವಳು ಈಗ ಬರೀ ಹೌದೆಂದು ತಲೆಯಾಡಿಸಿದಳು.

ಗೌಡ ತಟ್ಟೆಯನ್ನು ಹತ್ತಿರ ಎಳೆದುಕೊಂಡ. ಬಾಡಿದ ಎಲೆಯೊಂದನ್ನು ತೆಗೆದು, ಸುಣ್ಣ ಸವರಿ, ಬಾಯಿಗೆ ಹಾಕಿಕೊಂಡ. ಅಣ್ಣ ಮುಖ ತಿರುಗಿಸಿಕೊಂಡು ಹೊರಟುಹೋದ. ಇನ್ನೂ ಕೆಲವರು ಗೊಣಗಿದರು. ಗೊಣಗುವುದಕ್ಕೆ ಅಡ್ಡಿಯಿರಲಿಲ್ಲ. ಬಾಗಿಲಿಗೆ ಅಡ್ಡ ನಿಲ್ಲುವ ಹಕ್ಕು ಮಾತ್ರ ಇನ್ನು ಯಾರಿಗೂ ಇರಲಿಲ್ಲ.

ಗುರು ಕತೆ ನಿಲ್ಲಿಸಿದರು. ಸೋಲಲು ಶಿಷ್ಯನಿಗೆ ಮನಸ್ಸಿರಲಿಲ್ಲ.

"ಹಾಗಾದರೆ ಕೈ ಎತ್ತುವುದೇ ತಪ್ಪೇ, ಗುರುಗಳೇ? ನಾಳೆ ಊರಿಗೆ ಕೆರೆ ತೋಡಬೇಕೋ ಬೇಡವೋ ಎಂದು ಕೇಳಿದರೂ ಸುಮ್ಮನೆ ಕೂರಲೇ?"

"ಕೆರೆಗೆ ಧಾರಾಳವಾಗಿ ಎತ್ತು, ಅದರ ನೀರು ನೀನೂ ಕುಡಿಯುತ್ತೀಯ, ಆ ಇಬ್ಬರ ಚಾಪೆಯಲ್ಲಿ ನೀನು ಯಾವ ಮಗ್ಗುಲಿಗೆ ಮಲಗುವವನು?"