ಉರುಳಿದ ಗಡಿಕಲ್ಲು

ಎರಡು ರಾಜ್ಯಗಳ ನಡುವಿನ ಗಡಿಕಲ್ಲಿಗೆ ಈಚೆಯ ಕೆಂಚ ನಾಯಿ, ಆಚೆಯ ಕರಿಯ ನಾಯಿ ದಿನಾ ಕಾಲೆತ್ತಿ, ಗಂಟಲು ಹರಿಯುವಂತೆ ಬೊಗಳುತ್ತಿದ್ದವು. ಅವುಗಳ ಅಪ್ಪ, ಅಜ್ಜಂದಿರೂ ಅಲ್ಲೇ ನಿಂತು ಬೊಗಳಿ ಸತ್ತಿದ್ದರು. ನ್ಯಾಯ ಹೇಳಲು ಬಂದ ಕೊಕ್ಕರೆ ಎರಡೂ ಕಡೆಯ ಮೀನು ತಿಂದು ಹಾರಿಹೋಗಿತ್ತು. ಗಡಿಯ ಮಗ್ಗುಲಲ್ಲೇ ಮೇಯುವ ಎಮ್ಮೆಗೆ ಈ ಬೊಗಳಾಟ ಕೇಳಿ ಕೇಳಿ ಕಿವಿ ತೂತಾಗಿತ್ತು.

ಒಂದು ದಿನ ಅದು ಬಾಯಾರಿದ ಕರುವಿನೊಡನೆ ಆಚೆಯ ಕೆರೆಗೆ ಹೊರಟಿತು.

"ಎಮ್ಮಕ್ಕ, ನೀನು ನಮ್ಮವಳು. ಅವರ ನೀರು ಮುಟ್ಟಕೂಡದು!" ಎಂದಿತು ಕೆಂಚ.

"ಅವಳೂ ನಮ್ಮವಳೇ, ನೀನು ನಿಂತ ನೆಲವೂ ನಮ್ಮದೇ! ಅದು ತೀರ್ಮಾನವಾಗುವ ತನಕ ಒಂದು ಹನಿಯೂ ಇಲ್ಲ!" ಎಂದಿತು ಕರಿಯ.

"ಇಬ್ಬರಿಗೂ ನಾನು ಬೇಕು. ನನ್ನ ಕರುವಿನ ದಾಹ ಮಾತ್ರ ಯಾರಿಗೂ ಬೇಡ, ಅಲ್ಲವೇ?" ಎಂದಿತು ಎಮ್ಮೆ.

ಎರಡೂ ಬೊಗಳಿದವು. ಎಮ್ಮೆಗೆ ಪಿತ್ತ ನೆತ್ತಿಗೇರಿತು. ಕೊಂಬು ಕೊಟ್ಟು ಗುಮ್ಮಿದ್ದೇ ತಡ, ಕಲ್ಲು ಬುಡಸಮೇತ ಉರುಳಿತು.

"ಹೋಗಿ! ಈಗ ಅಡ್ಡ ಏನೂ ಇಲ್ಲ. ಯಾರಿಗೆಷ್ಟು ನೆಲ ಬೇಕೋ ಕಚ್ಚಿಕೊಂಡು ಹೋಗಿ!"

ಎರಡು ನಾಯಿಗಳಲ್ಲಿ ಒಂದೂ ಹೆಜ್ಜೆ ಮುಂದಿಡಲಿಲ್ಲ.

"ಅಣ್ಣಾ, ಇನ್ನು ನಮ್ಮ ಗತಿ?" ಎಂದಿತು ಕೆಂಚ, ಬಾಲ ಮುದುರಿಕೊಂಡು.

"ಆ ಕಡೆ ಹಿಡಿ, ತಮ್ಮಾ," ಎಂದಿತು ಕರಿಯ.

ಕರುವಿಗೆ ನೀರು ಕುಡಿಸಿ ಎಮ್ಮೆ ತಿರುಗಿ ನೋಡಿದಾಗ, ಎರಡೂ ಹೆಗಲಿಗೆ ಹೆಗಲು ಕೊಟ್ಟು ಕಲ್ಲನ್ನು ನೆಟ್ಟಗೆ ನಿಲ್ಲಿಸಿ, ಬುಡಕ್ಕೆ ಮಣ್ಣು ತುಂಬಿ, ಒಂದಾದ ಮೇಲೊಂದು ಕಾಲೆತ್ತಿ, ಮತ್ತೆ ಬೊಗಳತೊಡಗಿದ್ದವು.