ದಿನಕ್ಕೊಂದು ತಾಸು ನಿಂತ ಗಡಿಯಾರ

ಮಲಪ್ರಭೆಯ ದಂಡೆಗೆ ಒಂದು ಆಶ್ರಮ. ಆಶ್ರಮ ಅಂದರೆ ದೊಡ್ಡದೇನಲ್ಲ. ಮೂರು ಖೋಲಿ, ಒಂದು ಪಡಸಾಲೆ, ಬಾಗಿಲಿಗೆ ಒಂದು ಗಂಟೆ. ಅಲ್ಲಿ ಅಡವಯ್ಯಜ್ಜ ಇದ್ದರು.

ಅಜ್ಜನಿಗೆ ಓಟದ ಬಗ್ಗೆ ಏನೂ ಗೊತ್ತಿರಲಿಲ್ಲ. ಓಡುವವಳು ಮಾತ್ರ ಚೆನ್ನಾಗಿ ಗೊತ್ತಿದ್ದಳು.

ಅವಳು ಸುಗಲಾ. ಊರ ಸರಕಾರಿ ಶಾಲೆಯಲ್ಲಿ ಆಟ ಕಲಿಸುವ ಟೀಚರು, ವಯಸ್ಸು ನಲವತ್ತನಾಲ್ಕು. ಹದಿನೈದು ವರ್ಷದಿಂದ ದಿನಾ ಬೆಳಿಗ್ಗೆ ಆಶ್ರಮದ ತನಕ ಓಡಿ ಬಂದು, ಅಜ್ಜನ ಎದುರು ಕೂತು ನಾಲ್ಕು ಮಾತು ಕೇಳಿ, ಮತ್ತೆ ಓಡಿ ಹೋಗುತ್ತಿದ್ದಳು. ಗಂಡಸರು ನಕ್ಕರು, ಹೆಂಗಸರು ಬೈದರು, ನಾಯಿಗಳು ಬೆನ್ನಟ್ಟಿದವು. ಅವಳು ನಿಲ್ಲಿಸಲಿಲ್ಲ.

ದಸರೆ ರಜೆಯ ಒಂದು ಮಂಗಳವಾರ ಅವಳು ಓಡದೆ ನಡೆದುಕೊಂಡು ಬಂದಳು.

"ಯಾಕವಾ, ಕಾಲಿಗೆ ಏನಾತು?"

"ಕಾಲಿಗೇನಾಗಿಲ್ರಿ ಅಜ್ಜಾರ. ತಲಿ ಕೆಟ್ಟೈತಿ."

ಸಂಗತಿ ಇಷ್ಟೇ. ಚಿಲಿ ದೇಶದಲ್ಲಿ ನಲವತ್ತೆರಡು ಕಿಲೋಮೀಟರಿನ ಓಟ. ನಲವತ್ತು ದಾಟಿದ ಹೆಂಗಸರ ಸಾಲಿಗೆ ಅವಳಿಗೆ ಕರೆ ಬಂದಿತ್ತು. ಅವಳ ಊರಿನಿಂದ ಅಷ್ಟು ದೂರ ಓಡಲಿಕ್ಕೆ ಹೋದವರು ಯಾರೂ ಇಲ್ಲ. ಟಿಕೀಟು ಓಟ ನಡೆಸುವವರೇ ಕೊಡುತ್ತಾರೆ. ಯಾವ ವಿಮಾನಕ್ಕೆ ಬರುತ್ತೀ ಅಂತ ಸಂಜೆಯೊಳಗೆ ಹೇಳಬೇಕು.

"ಎರಡು ವಿಮಾನ ಅದಾವ್ರಿ. ಒಂದು ಈ ಗುರುವಾರ ಏರೂದು. ಇನ್ನೊಂದು ಮುಂದಿನ ಶುಕ್ರವಾರ ಮುಂಜಾನೆ ಹನ್ನೊಂದಕ್ಕ. ಅದು ಮುಟ್ಟೂದು ಶನಿವಾರ. ಓಟ ಐತವಾರ ಮುಂಜಾನೆ ಏಳಕ್ಕ."

"ಓಟಕ್ಕ ಯಾವುದು ಚಲೋ?"

"ಮೊದಲನೇದ್ರಿ. ಅವರ ಗಡಿಯಾರ ನಮ್ಮಕಿಂತ ಎಂಟೂವರಿ ತಾಸು ಹಿಂದ ಐತಿ. ನಮ್ಮ ಹಗಲು ಅವರಿಗೆ ರಾತ್ರಿ. ಮೈ ಅದಕ್ಕ ಹೊಂದಿಕೋಬೇಕಂದ್ರ ತಾಸಿಗೊಂದು ದಿನ ಬೇಕಂತಾರ."

"ಮತ್ತ ಕೇಳೂದೇನು? ಮೊದಲನೇದಕ್ಕ ಹೋಗು."

"ಮುಂದಿನ ಗುರುವಾರ ನಮ್ಮ ಹುಡುಗ್ಯಾರ ಖೊ-ಖೊ ಫೈನಲ್ ಐತ್ರಿ. ನಾಕು ವರ್ಷದಿಂದ ಕಲಿಸೀನಿ. ಜಿಲ್ಲಾ ಫೈನಲ್ ಇದೇ ಮೊದಲು."

"ಹಂಗಾರ ಎರಡನೇದಕ್ಕ ಹೋಗು."

"ನಿದ್ದಿಗಣ್ಣಾಗ ಓಡಿದರ ಮಾನ ಹೋಗತೈತ್ರಿ. ಇದು ಇನ್ನೊಮ್ಮೆ ಬರೂ ಅವಕಾಶ ಅಲ್ಲ. ಅತ್ತ ದರಿ, ಇತ್ತ ಪುಲಿ."

ಅಜ್ಜ ಅವಳನ್ನು ದಿಟ್ಟಿಸಿ ನೋಡಿದರು.

"ಅಂದರ ನಿನಗ ಎರಡೂ ಬೇಕು."

"ಹೌದ್ರಿ."

"ಅದಕ್ಕ ಸೊಕ್ಕು ಅಂತಾರ."

ಬೇರೆ ಯಾರಾದರೂ ಆಗಿದ್ದರೆ ತಲೆ ತಗ್ಗಿಸುತ್ತಿದ್ದರು. ಸುಗಲಾ ತಗ್ಗಿಸಲಿಲ್ಲ. "ಸೊಕ್ಕ ಐತ್ರಿ ಅಜ್ಜಾರ. ಹದಿನೈದು ವರ್ಷ ಓಡಿ ಗಳಿಸಿದ್ದು," ಅಂದಳು.

ಅಜ್ಜನ ಮೀಸೆಯೊಳಗೆ ಸಣ್ಣ ನಗು ಬಂದು ಹೋಯಿತು.

"ಹುಡುಗ್ಯಾರಿಗೆ ಏನಂತ ಮಾತು ಕೊಟ್ಟಿ?"

"ಅಂಕಣದ ಗೆರಿ ಮ್ಯಾಲೆ ನಾ ನಿಂತಿರತೀನಿ, ನೀವು ಹೆದರದ ಓಡ್ರಿ ಅಂತ."

"ಮಾತು ಕೊಡೂವಾಗ ವಿಮಾನದ ಟೈಮ್ ನೋಡಿ ಕೊಟ್ಟಿದ್ದೇನು?"

ಸುಗಲಾ ಎದ್ದು ಫೋನ್ ಮಾಡಿ ಎರಡನೆಯ ವಿಮಾನ ಅಂತ ಹೇಳಿದಳು.

ಮರುದಿನ ಮುಂಜಾನೆ ಅವಳ ತಾಯಿ ನಾಗವ್ವ ಒಂದು ಗಂಟು ಹಿಡಿದುಕೊಂಡು ಮಗಳನ್ನೂ ಕರೆದುಕೊಂಡು ಬಂದಳು.

"ಅಜ್ಜಾರ, ಶುಕ್ರವಾರ ಹನ್ನೊಂದಕ್ಕ ಅಂದರ ಖರೇ ರಾಹುಕಾಲ. ಆ ಹೊತ್ತಿನಾಗ ಯಾರರ ಪರದೇಶಕ್ಕ ಹೊಂಡತಾರೇನ್ರಿ? ನನ್ನ ಮಾತು ಈಕಿ ಕೇಳೂದಿಲ್ಲ. ಅದಕ್ಕ ಇವತ್ತ ಒಳ್ಳೆ ಗಳಿಗ್ಯಾಗ ಪ್ರಸ್ಥಾನ ಇಟ್ಟು ಹೋಗತೀನಿ."

ಇದು ಹಿಂದಿನವರ ಜಾಣತನ. ಹೊರಡುವ ಹೊತ್ತು ಕೆಟ್ಟದಿದ್ದರೆ, ಮೊದಲೇ ಒಂದು ಒಳ್ಳೆ ಗಳಿಗೆ ನೋಡಿ ಪ್ರಯಾಣದ ಗಂಟೊಂದನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಗಂಟು ಹೊಸ್ತಿಲು ದಾಟಿತೆಂದರೆ ಪ್ರಯಾಣ ಶುರುವಾದ ಲೆಕ್ಕ. ಮನುಷ್ಯರು ಆಮೇಲೆ ಯಾವಾಗ ಹೋದರೂ ನಡೆಯುತ್ತದೆ.

ಅಜ್ಜ ಗಂಟು ಬಿಚ್ಚಿದರು. ಒಂದು ಕುಬಸದ ಖಣ, ಕೊಬ್ಬರಿ ಬಟ್ಟಲು, ಐದು ಅಡಿಕೆ, ಒಂದು ಹಿಡಿ ಅಕ್ಕಿ.

"ನಾಗವ್ವಾ, ಚಿಲಿ ದೇಶದಾಗ ಅಡಿಕಿ ಓಡತಾವೇನು?"

"ಚಾಷ್ಟಿ ಮಾಡಬ್ಯಾಡ್ರಿ. ಓಡಾಕಿ ನನ್ನ ಮಗಳು."

ಅಜ್ಜ ಸುಗಲಾಳ ಕಡೆ ತಿರುಗಿದರು. "ನಿನ್ನಾಗ ಓಡೂದು ಯಾವುದು?"

"ಕಾಲ್ರಿ."

"ನಿದ್ದಿ ಇಲ್ಲದ ಕಾಲು ಓಡತಾವ?"

"ಇಲ್ರಿ. ನಿದ್ದಿ ಆಗಿರಬೇಕು. ಹೊತ್ತಿಗೆ ಸರಿಯಾಗಿ ಹಸಿವು ಆಗಿರಬೇಕು."

ಅಜ್ಜ ಗಂಟನ್ನು ಮತ್ತೆ ಕಟ್ಟಿ ನಾಗವ್ವನ ಕೈಗೆ ಕೊಟ್ಟರು.

"ಇದನ್ನ ಮನೀಗೆ ಒಯ್ಯು. ನಿನ್ನ ಮಗಳ ನಿದ್ದಿ, ಹಸಿವು ಎರಡೂ ಇಲ್ಲೇ ಇಟ್ಟು ಹೋಗು."

ಪಡಸಾಲೆಯ ಗೋಡೆಗೆ ಕೀಲಿ ಕೊಡುವ ಹಳೆಯ ಗಡಿಯಾರವಿತ್ತು. ಮುಳ್ಳನ್ನು ಹಿಂದಕ್ಕೆ ತಿರುಗಿಸಿದರೆ ಕೆಡುವ ಜಾತಿಯದು. ಅಜ್ಜ ಬೆರಳು ಚಾಚಿ ಅದರ ತೂಗುವ ಗುಂಡನ್ನು ಹಿಡಿದು ನಿಲ್ಲಿಸಿದರು. ಕೂತರು. ತಾಯಿ ಮಗಳೂ ಕೂತರು. ಒಂದು ತಾಸಾದ ಮೇಲೆ ಗುಂಡನ್ನು ಮತ್ತೆ ತೂಗಬಿಟ್ಟರು.

"ಇವತ್ತಿಗೆ ಒಂದು ತಾಸಿನ ದಾರಿ ಸವೀತು," ಅಂದರು. "ಇನ್ನ ಏಳೂವರಿ ಉಳೀತು. ಊಟ, ನಿದ್ದಿ, ಓಟ, ಎಲ್ಲಾ ಈ ಗಡಿಯಾರ ನೋಡಿ ಮಾಡು. ಸೂರ್ಯನ್ನ ನೋಡಬ್ಯಾಡ."

ಸುಗಲಾ ಆಶ್ರಮದ ಹಿಂದಿನ ಖೋಲಿಯಲ್ಲಿ ಉಳಿದಳು. ಅಜ್ಜ ದಿನಾ ಗಡಿಯಾರವನ್ನು ಒಂದು ತಾಸು ನಿಲ್ಲಿಸಿದರು. ಅವಳು ದಿನಾ ಒಂದು ತಾಸು ತಡವಾಗಿ ಉಂಡಳು, ಒಂದು ತಾಸು ತಡವಾಗಿ ಮಲಗಿದಳು, ಒಂದು ತಾಸು ತಡವಾಗಿ ಓಡಿದಳು. ನಾಲ್ಕನೆಯ ದಿನ ಅವಳು ಏರು ಬಿಸಿಲಿನಲ್ಲಿ ಓಡುವುದನ್ನು ನೋಡಿದ ಕುರುಬರ ಮುದುಕನೊಬ್ಬ, ಟೀಚರಿಗೆ ತಲೆ ಕೆಟ್ಟಿದೆ ಅಂತ ಊರಿಗೆಲ್ಲ ಸಾರಿದ.

ಐದನೆಯ ದಿನದ ನಿದ್ದೆ ಅರ್ಧಕ್ಕೆ ಮುರಿಯಿತು. ಆಶ್ರಮದ ಮುಂಜಾನೆಯ ಪೂಜೆಯ ಗಂಟೆ. ನಲವತ್ತೊಂದು ವರ್ಷದಿಂದ ಅಜ್ಜ ಆರು ಗಂಟೆಗೆ ಅದನ್ನು ಬಾರಿಸದ ದಿನವಿಲ್ಲ. ಊರಿನವರು ಅದನ್ನು ಕೇಳಿಯೇ ಏಳುತ್ತಿದ್ದರು.

ಸುಗಲಾ ಕೆಂಪು ಕಣ್ಣು ಮಾಡಿಕೊಂಡು ಹೊರಗೆ ಬಂದಳು. ಅಜ್ಜ ಆ ಕಣ್ಣು ನೋಡಿದರು.

ಮರುದಿನ ಅಜ್ಜ ಗಂಟೆ ಬಾರಿಸಲಿಲ್ಲ.

ಊರು ಗಾಬರಿಯಾಯಿತು. ಅಡವಯ್ಯಜ್ಜನ ಗಂಟೆ ಕೇಳಿಸಲಿಲ್ಲ ಅಂದರೆ ಅರ್ಥ ಒಂದೇ. ಹತ್ತಿಪ್ಪತ್ತು ಜನ ಓಡಿ ಬಂದರು. ಅದರಲ್ಲಿ ಒಬ್ಬ ಹೂವಿನ ಹಾರವನ್ನೂ ತಂದಿದ್ದ. ನೋಡಿದರೆ ಅಜ್ಜ ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದಾರೆ.

"ಅಜ್ಜಾರ, ಗಂಟಿ?"

"ಮೆಲ್ಲಕ ಮಾತಾಡ್ರಿ. ನಾ ಸತ್ತಿಲ್ಲ. ಒಳಗ ನನ್ನ ಶಿಷ್ಯೆ ಚಿಲಿಗೆ ಹೊಂಟಾಳ."

"ಮಲಗ್ಯಾರಲ್ರಿ ಟೀಚರು?"

"ಮಲಕೊಂಡೇ ಹೊಂಟಾಳ. ಆ ಹಾರ ಇಟ್ಟು ಹೋಗ್ರಿ, ಬಂದ ಮ್ಯಾಲೆ ಬೇಕಾಗತೈತಿ."

ಅವರಿಗೆ ಎಷ್ಟು ತಿಳಿಯಿತೋ ಏನೋ. ಆದರೆ ಮರುದಿನದಿಂದ ಹಿಟ್ಟಿನ ಗಿರಣಿ ಮಧ್ಯಾಹ್ನ ಆದ ಮೇಲೆ ಶುರುವಾಯಿತು. ಟ್ರ್ಯಾಕ್ಟರಿನವರು ಆಶ್ರಮದ ಹತ್ತಿರ ಹಾಡು ಬಂದ್ ಮಾಡಿದರು. ಹದಿನೈದು ವರ್ಷ ನಕ್ಕವರು ಈಗ ತುಟಿಯ ಮೇಲೆ ಬೆರಳಿಟ್ಟುಕೊಂಡು ಓಡಾಡಿದರು.

ಗುರುವಾರ ಅಜ್ಜ ಕೊನೆಯ ಅರ್ಧ ತಾಸು ಗಡಿಯಾರ ನಿಲ್ಲಿಸಿದರು. ಸಂಜೆ ನಾಲ್ಕಕ್ಕೆ ಖೊ-ಖೊ ಫೈನಲ್. ಸುಗಲಾ ಮಾತು ಕೊಟ್ಟ ಜಾಗದಲ್ಲೇ ನಿಂತಳು. ಹುಡುಗಿಯರು ಜೀವದ ಹಂಗು ತೊರೆದು ಆಡಿದರು. ಒಂದೇ ಒಂದು ಪಾಯಿಂಟಿನಲ್ಲಿ ಸೋತರು.

ತಂಡದ ನಾಯಕಿ ಅಳುತ್ತ ಬಂದಳು. "ಟೀಚರ್, ನಮ್ಮ ಸಲುವಾಗಿ ನೀವು ಉಳದ್ರಿ. ನಾವು ಸೋತ್ವಿ."

"ಗೆಲ್ಲತೀರಿ ಅಂತ ಉಳಿದಿಲ್ಲವಾ. ನೀವು ಓಡೂದು ನೋಡಬೇಕಂತ ಉಳದೆ. ನೋಡಿದೆ. ಎದಿ ತುಂಬೇತಿ." ಹಾಗಂದು ಸುಗಲಾ ಅವಳ ಕಣ್ಣು ಒರೆಸಿದಳು. ಅಲ್ಲಿಂದಲೇ ವಿಮಾನ ಏರುವ ಊರಿನ ಬಸ್ಸು ಹತ್ತಿದಳು.

ಅವಳು ಹೋದ ಮೇಲೂ ಅಜ್ಜ ಗಂಟೆ ಮುಟ್ಟಲಿಲ್ಲ.

"ಈಗೇನ್ರಿ? ಖೋಲಿ ಖಾಲಿ ಐತಲ್ಲ," ಅಂದಳು ನಾಗವ್ವ.

"ನಮ್ಮ ಆರು ಗಂಟಿಗೆ ಅಲ್ಲಿ ರಾತ್ರಿ. ಆಕಿ ಮಲಗಿರತಾಳ."

"ಇಲ್ಲಿ ಬಾರಿಸಿದ್ದು ಅಲ್ಲಿಗೆ ಕೇಳಸತೈತೇನ್ರಿ?"

"ನನಗ ಕೇಳಸತೈತಲ್ಲವಾ."

ಐತವಾರ ಮಧ್ಯಾಹ್ನ ಮೂರೂವರೆ. ಆಶ್ರಮದ ಗಡಿಯಾರ ಏಳು ಹೊಡೆಯಿತು. ಅಜ್ಜ ಎದ್ದು ಹೋಗಿ ಗಂಟೆಯ ಹಗ್ಗ ಹಿಡಿದರು. ಏಳು ದಿನದ ಬಾಕಿಯನ್ನೆಲ್ಲ ಒಟ್ಟಿಗೆ ಬಾರಿಸಿದರು. ಊಟ ಮಾಡಿ ಅಡ್ಡಾಗಿದ್ದವರೆಲ್ಲ ಎದ್ದು ಹೊರಗೆ ಬಂದರು. ಈ ಹೊತ್ತಿನಲ್ಲಿ ಎಂಥ ಪೂಜೆ ಅಂತ ಯಾರೂ ಕೇಳಲಿಲ್ಲ. ನಾಗವ್ವ ಕಟ್ಟೆಯ ಮೇಲೆ ಕೂತು, ಸೆರಗು ಬಾಯಿಗೆ ಹಿಡಿದುಕೊಂಡು ಅತ್ತಳು.

ನಾಲ್ಕು ದಿನದ ಮೇಲೆ ಸುಗಲಾ ಬಂದಳು. ಊರ ಬಸ್ಸು ಇಳಿದವಳೇ ಚೀಲ ತಾಯಿಯ ಕೈಗೆ ಕೊಟ್ಟು ಆಶ್ರಮದ ತನಕ ಓಡಿಕೊಂಡೇ ಬಂದಳು. ಈ ಸಲ ಅವಳ ಹಿಂದೆ ನಾಯಿಗಳ ಬದಲು ಖೊ-ಖೊ ಹುಡುಗಿಯರು ಓಡಿ ಬಂದರು. ಅವರ ಹಿಂದೆ ಅರ್ಧ ಊರು.

ಪದಕವನ್ನು ಅಜ್ಜನ ಪಾದದ ಹತ್ತಿರ ಇಟ್ಟು ನಮಸ್ಕಾರ ಮಾಡಿದಳು.

"ನನ್ನ ವಯಸ್ಸಿನವರೊಳಗ ಎರಡನೇದಾಕಿ ಆದ್ನಿರಿ."

"ನಿದ್ದಿ?"

"ಮುಟ್ಟಿದ ದಿನಾನ ಕಣ್ಣ ತುಂಬ ನಿದ್ದಿ ಬಂತ್ರಿ. ಮುಂಜಾನೆ ಏಳಕ್ಕ ಓಟ ಶುರು ಆದಾಗ, ಇದು ನನ್ನ ದಿನದ ಹೊತ್ತು ಅಂತ ಮೈಯೇ ಹೇಳತು. ಬಾಜೂದಾಕಿ ಆಕಳಿಸಾಕತ್ತಿದ್ದಳು."

ಅಜ್ಜ ಪದಕವನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುವಿ ನೋಡಿದರು. ನೆರೆದ ಜನಕ್ಕೆಲ್ಲ ಕಾಣುವ ಹಾಗೆ ಎತ್ತಿ ಹಿಡಿದರು. ಸೊಕ್ಕು ಬಿಡಬೇಕು ಅಂತ ನಲವತ್ತೊಂದು ವರ್ಷ ಊರಿಗೆ ಹೇಳಿದ ಮನುಷ್ಯ, ಹಿಡಿದ ಕೈಯನ್ನು ಬಹಳ ಹೊತ್ತು ಇಳಿಸಲಿಲ್ಲ.

ಸುಗಲಾಳ ಕಣ್ಣು ಗೋಡೆಯ ಮೇಲೆ ಬಿತ್ತು. ಹೊರಗೆ ಸಂಜೆ ಐದೂವರೆಯ ಬಿಸಿಲು. ಗಡಿಯಾರ ಒಂಬತ್ತು ತೋರಿಸುತ್ತಿತ್ತು.

"ಅಯ್ಯ, ಇದು ಇನ್ನೂ ಚಿಲಿಯೊಳಗ ಐತಲ್ರಿ. ತಡೀರಿ, ಸರಿ ಮಾಡತೀನಿ." ಅವಳು ಸ್ಟೂಲು ಎಳೆದಳು.

ಅಜ್ಜ ಅವಳ ಕೈ ಹಿಡಿದು ತಡೆದರು.

"ಇರಲಿ ಬಿಡವಾ. ನಾಳೆ ಯಾರರ ಬಂದು ಟೈಮ್ ಎಷ್ಟಾತ್ರಿ ಅಜ್ಜಾರ ಅಂದರ, ಯಾವ ದೇಶದ್ದು ಅಂತ ಕೇಳೂವಷ್ಟು ಸೊಕ್ಕು ನನಗೂ ಇರಲಿ."