ಎರಡು ರೂಟರ್‌ಗಳ ಬೀಗತನ

ದೇವ್ರಾಣೆಗೂ ಈ ಸಲ ಒಂದಕ್ಷರ ಸುಳ್ಳಿಲ್ಲ ಮಕ್ಕಳಾ.

ಹರಿಹರದ ಪುಟ್ಟ ಇಂಟರ್ನೆಟ್ ಕಂಪನೀಲಿ ಗುತ್ಯಪ್ಪ ರೂಟರ್ ನೋಡ್ಕೊಳ್ತಿದ್ದ. ಇವನ ರೂಟರ್ರೂ ದೊಡ್ಡ ಕಂಪನಿ ರೂಟರ್ರೂ ಮಾತು ಕೂಡಿದ್ರೇನೇ ಊರಿಗೆ ಇಂಟರ್ನೆಟ್ಟು. ಅದಕ್ಕೆ ಇದರ ಗುರುತಿನ ನಂಬರ್ ಅದ್ರಲ್ಲಿರ್ಬೇಕು, ಅದರದ್ದು ಇದ್ರಲ್ಲಿರ್ಬೇಕು.

ದೊಡ್ಡ ಕಂಪನಿ ಸಾಹೇಬ ವಿರೂಪಾಕ್ಷಯ್ಯ ಫೋನಲ್ಲೇ ಗುಡುಗಿದ. "ಚಿಲ್ಲರೆಯವರ ನಂಬರೆಲ್ಲ ನಾವು ಹಾಕಲ್ಲ ಕಣೋ! ನೀನು ನಮ್ಮದು ಹಾಕಿದ್ದೀಯಲ್ಲ, ಸಾಕು. ಈಗ ಬರ್ತೀನಿ. ಲೈನ್ ಬಂದಿರ್ಲಿಲ್ವೋ, ನಿನ್ನ ಕೆಲಸ ಕಿತ್ತಾಕಿಸ್ತೀನಿ!"

ಗುತ್ಯಪ್ಪ ಆಫೀಸಿನ ಬಾಗಿಲಿಗೆ ಒಳಗಿಂದ ಚಿಲಕ ಹಾಕ್ಕೊಂಡ. ಸಾಹೇಬ ಬಂದು ಬಾಗಿಲು ಬಡಿದ.

"ಬನ್ನಿ ಸಾ, ಬನ್ನಿ!"

"ಚಿಲಕ ತೆಗಿಯೋ!"

"ಯಾಕ್ಸಾ? ನೀವು ಬಡೀತಿದ್ದೀರಲ್ಲ, ಸಾಕು. ದೊಡ್ಡೋರು!"

ಹೊರಗೆ ಉರಿಬಿಸಿಲು. ಸಾಹೇಬನ ಬೋಳುತಲೆ ಮೇಲೆ ರೊಟ್ಟಿ ಬೇಯಿಸ್ಬೋದಿತ್ತು. ಬಾಗಿಲಿಗೆ ಒದ್ದ, ಕಾಲು ನೋಯ್ತು. "ಒಳಗಿನೋನು ಕೈ ಹಾಕ್ದೆ ಬಾಗಿಲು ತೆಗಿಯುತ್ತೇನೋ, ಮುಠ್ಠಾಳ?"

"ಅದನ್ನೇ ನಿಮ್ಮ ರೂಟರ್‌ಗೂ ಹೇಳಿ ಸಾ. ಅದು ಕೈ ಹಾಕಿದ್ಮೇಲೆ ನಾನೂ ಹಾಕ್ತೀನಿ."

ಸಾಹೇಬ ಬಿಸಿಲಲ್ಲೇ ನಿಂತು ಫೋನ್ ಮಾಡಿ ನಂಬರ್ ಹಾಕಿಸ್ದ. ಲೈನ್ ಬಂತು, ಚಿಲಕಾನೂ ಜಾರ್ತು. ಆ ರೂಟರ್‌ಗಳು ಎಷ್ಟು ಕೂಡಿದ್ವು ಅಂದ್ರೆ, ವರ್ಷದೊಳಗೆ ಮರಿ ರೂಟರ್ ಹುಟ್ತು! ನಾನೇ ಮನೇಲಿ ಸಾಕ್ತಿದ್ದೀನಿ, ಹಗಲೂ ರಾತ್ರಿ ಹಸಿರು ದೀಪ ಮಿಣುಕಿಸ್ತಾ...

"ತಾತ, ನಿಮ್ಮನೇಲಿ ಕರೆಂಟೇ ಇಲ್ವಲ್ಲ!"